ಸಾಫ್ಟ್‌ಬಾಲ್ ಆಡಿದ ಹೆಣ್ಮಕ್ಕಳು ಮುಂದೆ ಏನಾದರು?

ವಿಜಯಪುರದ ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಎರಡು ವರ್ಷದಿಂದ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಾಳೆ, ಬೇಸ್‌ಬಾಲ್ ತರಹದ ಆಟ. ಅವಳು ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಬಾಲ್ ಎಸೆಯುವವಳು. ತಾಲೂಕು, ಜಿಲ್ಲೆ ಮುಗಿದು ಈಗ ವಿಭಾಗ ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಪಂದ್ಯ ಬೆಳಗಾವಿಯಲ್ಲಿ.

ಮನೆಯಲ್ಲಿ ಎಲ್ಲರಿಗೂ ಖುಷಿ ಇದೆ, ಆದರೆ ನಮ್ಮ ಭಾವನವರು ಒಂದು ಪ್ರಶ್ನೆ ಕೇಳಿದರು. "ಕ್ರಿಕೆಟ್ ಆಡಿದವರು ಗೊತ್ತು, ಕಬಡ್ಡಿ ಆಡಿದವರು ಗೊತ್ತು. ಈ ಆಟ ಆಡಿದ ಹೆಣ್ಮಕ್ಕಳು ಮುಂದೆ ಏನಾದರು? ಒಬ್ಬಳ ಹೆಸರು ಹೇಳು ನೋಡೋಣ" ಅಂದರು. ಸಿಟ್ಟಿನಿಂದ ಕೇಳಿದ್ದಲ್ಲ, ಅವರಿಗೂ ಮಗಳ ಮೇಲೆ ಕಾಳಜಿ ಇದೆ. ನನಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಮಗಳು ಅಲ್ಲೇ ಊಟಕ್ಕೆ ಕೂತಿದ್ದಳು. ತಟ್ಟೆ ನೋಡುತ್ತಾ ಸುಮ್ಮನಾದಳು. ಅದು ನನಗೆ ಬಹಳ ಚುಚ್ಚಿತು.

ಗೊತ್ತಿದ್ದವರು ಹೇಳಿ. ಈ ಆಟದಲ್ಲೇ ಬದುಕು ಕಟ್ಟಿಕೊಂಡ ಹೆಣ್ಮಕ್ಕಳು ಇದ್ದಾರಾ? ಅವರು ಏನೇನು ಮಾಡಿದರು?

ಇನ್ನೊಂದು ವಿಷಯ. ಅವಳ ಬಲಗಾಲಿನ ಶೂ ಮಾತ್ರ ತುದಿಯಲ್ಲಿ ತೂತು ಬೀಳುತ್ತದೆ. ಎಡಗಾಲಿನದು ಹೊಸದರ ಹಾಗೇ ಇರುತ್ತದೆ. ಮೂರು ತಿಂಗಳಲ್ಲಿ ಎರಡನೇ ಜೋಡಿ. ಕಾಲಿನಲ್ಲಿ ಏನಾದರೂ ತೊಂದರೆ ಇರಬಹುದಾ?

ತಿಳಕವಾಡಿ ಹುಡುಗ
ಅಕ್ಕಾ, ಹೆಸರು ಒಂದಲ್ಲ, ಹತ್ತು ಹೇಳುತ್ತೇನೆ. ಮೊದಲು ಯುಕಿಕೊ ಉಎನೊ. ಜಪಾನಿನ ಪಿಚರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒಂದೇ ಮ್ಯಾಚಿನಲ್ಲಿ 413 ಬಾಲ್ ಹಾಕಿ ಜಪಾನಿಗೆ ಚಿನ್ನ ತಂದವರು. ಭಾವನವರಿಗೆ ಈ ಹೆಸರು ಹೇಳಿ.

ಪಿಟಿ ಸರ್ ಬಾಗಲಕೋಟೆ
ಮೊದಲು ಶೂ ವಿಷಯ ಹೇಳುತ್ತೇನೆ ತಾಯಿ, ಗಾಬರಿ ಬೇಡ. ಕಾಲಿಗೆ ಏನೂ ಆಗಿಲ್ಲ. ಬಲಗೈ ಪಿಚರ್ ಎಡಗಾಲು ಮುಂದಿಟ್ಟು ಚಿಮ್ಮಿದಾಗ ಬಲಗಾಲಿನ ತುದಿ ನೆಲಕ್ಕೆ ಉಜ್ಜುತ್ತಾ ಹಿಂದೆ ಬರುತ್ತದೆ. ಹಾಗೆ ಬರುವುದು ಸಹಜ. ಆ ಕಾಲು ಪೂರ್ತಿ ನೆಲ ಬಿಟ್ಟು ಹಾರಿ ಮತ್ತೆ ಊರಿ ಎಸೆದರೆ ಎಷ್ಟೋ ಕಡೆ ಅಂಪೈರ್ ತಪ್ಪು ಕೊಡುತ್ತಿದ್ದರು. ಶೂ ತುದಿ ಸವೆದಿದೆ ಅಂದರೆ ಹುಡುಗಿಗೆ ಯಾರೋ ಸರಿಯಾಗಿ ಕಲಿಸಿದ್ದಾರೆ ಅಂತ ಅರ್ಥ. ನಾನು ನಮ್ಮ ಹುಡುಗಿಯರ ಶೂಗೆ ಚಪ್ಪಲಿ ಹೊಲಿಯುವವರ ಹತ್ತಿರ ಹಳೇ ಟೈರಿನ ತುಂಡು ಹೊಲಿಸುತ್ತೇನೆ. ಒಂದು ವರ್ಷ ಬಾಳಿಕೆ ಬರುತ್ತದೆ. ಹೊಸ ಜೋಡಿ ತರಬೇಡಿ.

ಹಳೇ ಕ್ಯಾಚರ್
ತಿಳಕವಾಡಿ ತಮ್ಮಾ, ಒಂದು ತಿದ್ದುಪಡಿ. 413 ಒಂದೇ ಮ್ಯಾಚಿನಲ್ಲಿ ಅಲ್ಲ. ಎರಡು ದಿನದಲ್ಲಿ ಮೂರು ಮ್ಯಾಚ್. ಆಗಸ್ಟ್ 20ರಂದು ಬೆಳಿಗ್ಗೆ ಅಮೆರಿಕದ ಮೇಲೆ 9 ಇನಿಂಗ್ಸ್ ಹಾಕಿ ಸೋತರು. ಅದೇ ದಿನ ಆಸ್ಟ್ರೇಲಿಯಾ ಮೇಲೆ 12 ಇನಿಂಗ್ಸ್ ಹಾಕಿ 4-3ಕ್ಕೆ ಗೆದ್ದರು. ಮರುದಿನ ಫೈನಲ್, ಮತ್ತೆ ಅಮೆರಿಕ, 7 ಇನಿಂಗ್ಸ್. 3-1. ಒಟ್ಟು 28 ಇನಿಂಗ್ಸ್, ಮೂರನ್ನೂ ಒಬ್ಬಳೇ ಹಾಕಿದ್ದು. ಆ ಅಮೆರಿಕ ತಂಡ ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಸತತ 22 ಪಂದ್ಯ ಗೆದ್ದಿತ್ತು. ಅಂಥವರನ್ನು ಹಿಂದಿನ ದಿನ ಸೋತ ಹುಡುಗಿ ಮರುದಿನ ಸೋಲಿಸಿದಳು. ಒಂದೇ ಮ್ಯಾಚ್ ಅಂದರೆ ಅವಳ ಕೆಲಸ ಕಡಿಮೆ ಮಾಡಿದ ಹಾಗೆ ಆಗುತ್ತದೆ.

ತಿಳಕವಾಡಿ ಹುಡುಗ
ಸರಿ ಅಕ್ಕಾ, ತಪ್ಪಾಯಿತು. ಮೂರು ಮ್ಯಾಚ್.

ಜಮಖಂಡಿ ಕಾಕಾ
ಒಳ್ಳೆಯ ಮಾತು, ಆದರೆ ಇವೆಲ್ಲ ಜಪಾನ್, ಅಮೆರಿಕದ ಕಥೆ. ಆ ತಾಯಿ ಕೇಳಿದ್ದು ಬದುಕಿನ ಪ್ರಶ್ನೆ. ಚಿನ್ನದ ಪದಕ ಗೆದ್ದ ಮೇಲೆ ಉಎನೊ ಊಟಕ್ಕೆ ಏನು ಮಾಡಿದಳು? ಅದನ್ನು ಹೇಳಿ.

ಹಳೇ ಕ್ಯಾಚರ್
ಕಾಕಾ, ಒಳ್ಳೆಯ ಪ್ರಶ್ನೆ. ಜಪಾನಿನಲ್ಲಿ ಕಂಪನಿಗಳೇ ತಂಡ ಕಟ್ಟುತ್ತವೆ. ನಮ್ಮಲ್ಲಿ ರೈಲ್ವೆ, ಪೊಲೀಸ್ ತಂಡ ಇರುವ ಹಾಗೆ. ಉಎನೊ ಆಡುವುದು ಬಿಕ್ ಕ್ಯಾಮೆರಾ ಅನ್ನುವ ಎಲೆಕ್ಟ್ರಾನಿಕ್ಸ್ ಅಂಗಡಿ ಕಂಪನಿಯ ತಂಡಕ್ಕೆ. ಟೊಯೋಟಾ ಕಂಪನಿಗೂ ತಂಡ ಇದೆ. ಒಲಿಂಪಿಕ್ಸ್ ಇರಲಿ ಬಿಡಲಿ, ಕಂಪನಿ ಲೀಗ್ ನಡೆಯುತ್ತಲೇ ಇರುತ್ತದೆ.

ಇದು ಎಷ್ಟು ಮುಖ್ಯ ಅಂದರೆ, 2005ರಲ್ಲಿ ಸಿಂಗಪುರದ ಸಭೆಯಲ್ಲಿ ಸಾಫ್ಟ್‌ಬಾಲನ್ನು ಒಲಿಂಪಿಕ್ಸ್‌ನಿಂದ ತೆಗೆಯಲು ತೀರ್ಮಾನ ಮಾಡಿದರು. 2008 ಕೊನೆ. 2012 ಇಲ್ಲ, 2016 ಇಲ್ಲ. ಎಷ್ಟೋ ಹುಡುಗಿಯರ ಕನಸು ಅಲ್ಲಿಗೇ ನಿಂತಿತು. ಉಎನೊ ಮಾತ್ರ ಕಂಪನಿ ತಂಡದಲ್ಲಿ ಆಡುತ್ತಾ ಇದ್ದರು. 2019ರಲ್ಲಿ ಬಾಲ್ ತಾಗಿ ದವಡೆ ಮುರಿಯಿತು. ಆಗಲೂ ಬಿಡಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಟ ವಾಪಸ್ ಬಂದಾಗ ಅವರಿಗೆ 39 ವರ್ಷ. 2021ರ ಜುಲೈ 27, ಯೋಕೊಹಾಮಾ, ಮತ್ತೆ ಅಮೆರಿಕ, ಮತ್ತೆ ಚಿನ್ನ, 2-0. ಎರಡು ಚಿನ್ನದ ನಡುವೆ 13 ವರ್ಷ. ಆ 13 ವರ್ಷ ಟಿವಿಯವರು ಯಾರೂ ತೋರಿಸಲಿಲ್ಲ, ಆದರೆ ಸಂಬಳ ಬರುತ್ತಿತ್ತು, ಮೈದಾನ ಇತ್ತು. ನೀವು ಕೇಳಿದ ಬದುಕು ಅದೇ ಅಲ್ವಾ?

ಮುಧೋಳದವಳು
ಆ ಫೈನಲ್ ನಾನು ಮೊಬೈಲಿನಲ್ಲಿ ನೋಡಿದ್ದೆ. ಉಎನೊ ಶುರು ಮಾಡಿದರು, ಮಧ್ಯೆ ಮಿಯು ಗೊಟೊ ಅನ್ನುವ 20 ವರ್ಷದ ಹುಡುಗಿ ಬಂದಳು, ಕೊನೆಯ ಇನಿಂಗ್ಸ್‌ಗೆ ಮತ್ತೆ ಉಎನೊ. ಹೊರಗೆ ಹೋದವರು ವಾಪಸ್ ಬರಬಹುದಾ? ನನಗೆ ಆವತ್ತಿನಿಂದ ಈ ಡೌಟ್ ಇದೆ.

ಪಿಟಿ ಸರ್ ಬಾಗಲಕೋಟೆ
ಬರಬಹುದು. ಶುರುವಿನ ತಂಡದಲ್ಲಿ ಇದ್ದವರು ಹೊರಗೆ ಹೋದರೆ ಒಂದು ಸಲ ವಾಪಸ್ ಬರಬಹುದು, ಬ್ಯಾಟಿಂಗ್ ಸರದಿಯಲ್ಲಿ ಅದೇ ಜಾಗಕ್ಕೆ. ಬೇಸ್‌ಬಾಲಿನಲ್ಲಿ ಇದು ಇಲ್ಲ. ಆ ಮ್ಯಾಚಿನಲ್ಲಿ 6ನೇ ಇನಿಂಗ್ಸ್ ನೆನಪಿದೆಯಾ? ಗೊಟೊ ಹಾಕಿದ ಬಾಲನ್ನು ಅಮೆರಿಕದವರು ಜೋರಾಗಿ ಹೊಡೆದರು. ಮೂರನೇ ಬೇಸಿನ ಆಟಗಾರ್ತಿಯ ಕೈಗೆ ಬಡಿದು ಗಾಳಿಗೆ ಹಾರಿತು. ಶಾರ್ಟ್‌ಸ್ಟಾಪ್ ಮಾನಾ ಅತ್ಸುಮಿ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವಳು) ಅದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದು ಎರಡನೇ ಬೇಸಿಗೆ ಎಸೆದಳು. ಬೇಸ್ ಬಿಟ್ಟು ಓಡಿದ್ದ ಆಟಗಾರ್ತಿಯೂ ಸೇರಿ ಎರಡು ಔಟ್. ನಾನು ಆ ತುಣುಕನ್ನು ನಮ್ಮ ಹುಡುಗಿಯರಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕ ಇಲ್ಲ.

ಇಂಡಿ ಅಕ್ಕ
ನನಗೆ ಆಟದ ನಿಯಮ ಅಷ್ಟು ಗೊತ್ತಿಲ್ಲ. ಆದರೆ ಆ ಹುಡುಗಿಯರು ಕೈ ತಿರುಗಿಸಿ ಎಸೆಯುವುದು ನೋಡಿದಾಗ ನಮ್ಮ ಅಜ್ಜಿ ನೆನಪಾಗುತ್ತಾರೆ. ಹಿಂಗಾರಿ ಜೋಳ ತೆನೆ ಹಿಡಿದಾಗ ಅಜ್ಜಿ ಹೊಲದ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ತೋಳು ಪೂರ್ತಿ ಸುತ್ತಿ ಬರಬೇಕು, ಸರಿಯಾದ ಗಳಿಗೆಯಲ್ಲಿ ಹಗ್ಗದ ಒಂದು ತುದಿ ಬಿಡಬೇಕು. ಒಂದು ಕಣ್ರೆಪ್ಪೆಯಷ್ಟು ತಡವಾದರೂ ಕಲ್ಲು ಬೇರೆ ಕಡೆ ಹೋಗುತ್ತದೆ. ಹಕ್ಕಿಗೆ ತಾಗಿಸಬಾರದು, ಪಕ್ಕದಲ್ಲಿ ಬೀಳಿಸಬೇಕು ಅನ್ನುತ್ತಿದ್ದರು. ನಮ್ಮ ಕಡೆ ಹೆಣ್ಮಕ್ಕಳಿಗೆ ಈ ಕೈ ಹೊಸದಲ್ಲ.

ಪಿಟಿ ಸರ್ ಬಾಗಲಕೋಟೆ
ಇಂಡಿ ಅಕ್ಕಾವ್ರೇ, ಇಷ್ಟು ಚೆನ್ನಾಗಿ ನಾನು ಹತ್ತು ವರ್ಷದಲ್ಲಿ ಒಂದು ಸಲವೂ ವಿವರಿಸಿಲ್ಲ. ನಾಳೆಯಿಂದ ಕವಣೆ ಅಂತಲೇ ಹೇಳಿಕೊಡುತ್ತೇನೆ. ತೊಡೆಯ ಪಕ್ಕ ಕೈ ಬಂದಾಗ ಬಾಲ್ ಬಿಡಬೇಕು. ಅದೇ ಗಳಿಗೆ.

ಗೋಕಾಕ ಗೆಳೆಯ
ಏನೇ ಹೇಳಿ, ಕೆಳಗಿನಿಂದ ಎಸೆಯುವ ಬಾಲ್ ನಿಧಾನ ಅಲ್ವಾ? ಹೆಸರೇ ಸಾಫ್ಟ್. ಕ್ರಿಕೆಟ್ ಆಡುವವರಿಗೆ ಇದು ಸುಲಭ ಅನ್ನಿಸಬಹುದು.

ತಿಳಕವಾಡಿ ಹುಡುಗ
ಗೆಳೆಯಾ, ಆ ಬಾಲ್ ಒಂದು ಸಲ ಕೈಯಲ್ಲಿ ಹಿಡಿದು ನೋಡು. ಸುತ್ತಳತೆ 12 ಇಂಚು, ಕ್ರಿಕೆಟ್ ಬಾಲಿಗಿಂತ ದೊಡ್ಡದು, ತೂಕವೂ ಜಾಸ್ತಿ. ಮೆತ್ತಗೆ ಇಲ್ಲವೇ ಇಲ್ಲ. ಹೆಸರಿಗೆ ಕಾರಣ ಬೇರೆ. 1887ರಲ್ಲಿ ಶಿಕಾಗೋದಲ್ಲಿ ಮೊದಲ ಸಲ ಒಳಾಂಗಣದಲ್ಲಿ ಆಡಿದಾಗ ಬಾಕ್ಸಿಂಗ್ ಗ್ಲೌಸನ್ನೇ ಸುತ್ತಿ ಕಟ್ಟಿ ಬಾಲ್ ಮಾಡಿದ್ದರು. ಮೆತ್ತಗಿದ್ದದ್ದು ಆಗ.

ಈಗ ಲೆಕ್ಕ ನೋಡು. ಕ್ರಿಕೆಟ್ ಪಿಚ್ 66 ಅಡಿ. ಸಾಫ್ಟ್‌ಬಾಲಿನಲ್ಲಿ ಹೆಂಗಸರ ಪಿಚಿಂಗ್ ದೂರ 43 ಅಡಿ. ಅಮೆರಿಕದ ಎಡಗೈ ಪಿಚರ್ ಮೋನಿಕಾ ಅಬ್ಬಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ವೇಗದಲ್ಲಿ ಹಾಕಿದ್ದಾರೆ. ಅಷ್ಟು ಹತ್ತಿರದಿಂದ ಅಷ್ಟು ವೇಗ. ಬ್ಯಾಟ್ ಹಿಡಿದವರಿಗೆ ಅರ್ಧ ಸೆಕೆಂಡ್ ಕೂಡ ಸಿಗುವುದಿಲ್ಲ. 2004ರಲ್ಲಿ ಅಮೆರಿಕದ ಪಿಚರ್ ಜೆನ್ನಿ ಫಿಂಚ್ ಒಂದು ಪ್ರದರ್ಶನ ಪಂದ್ಯದಲ್ಲಿ ಬೇಸ್‌ಬಾಲಿನ ದೊಡ್ಡ ಹೊಡೆತಗಾರ ಆಲ್ಬರ್ಟ್ ಪುಹೋಲ್ಸ್‌ನನ್ನೇ ಔಟ್ ಮಾಡಿದರು. ಆ ಮನುಷ್ಯನ ಬ್ಯಾಟಿಗೆ ಬಾಲ್ ಸಿಗಲಿಲ್ಲ.

ಹಳೇ ಕ್ಯಾಚರ್
ಅದಕ್ಕೂ ಬಹಳ ಮೊದಲೇ ಅಮೆರಿಕದ ಪಿಚರ್ ಜೋನ್ ಜಾಯ್ಸ್ ಇದನ್ನು ಮಾಡಿದ್ದರು. 1961ರಲ್ಲಿ ಟೆಡ್ ವಿಲಿಯಮ್ಸ್ ಬ್ಯಾಟ್ ಹಿಡಿದು ಜಾಯ್ಸ್ ಮುಂದೆ ನಿಂತು ಬೀಸಿ ಬೀಸಿ ತಪ್ಪಿದರು. ಬೇಸ್‌ಬಾಲಿನ ಅತಿ ದೊಡ್ಡ ಬ್ಯಾಟರ್‌ಗಳಲ್ಲಿ ಒಬ್ಬರು ವಿಲಿಯಮ್ಸ್.

ವಿಜಯಪುರದ ತಾಯಿಯವರೇ, ಭಾವನವರಿಗೆ ಜೋನ್ ಜಾಯ್ಸ್ ಕಥೆ ಪೂರ್ತಿ ಹೇಳಿ. ಆಗ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲೇ ಇರಲಿಲ್ಲ. ಬ್ರೇಕ್ ಲೈನಿಂಗ್ ಮಾಡುವ ಕಂಪನಿಯೊಂದರ ತಂಡಕ್ಕೆ ಆಡುತ್ತಿದ್ದರು. 1976ರಲ್ಲಿ ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್ ಜೊತೆ ಸೇರಿ ಹೆಂಗಸರ ವೃತ್ತಿಪರ ಲೀಗ್ ಶುರು ಮಾಡಿದರು. ನಾಲ್ಕು ಸೀಸನ್ ನಡೆದು ನಿಂತುಹೋಯಿತು. ಅವರು ನಿಲ್ಲಲಿಲ್ಲ. ಗಾಲ್ಫ್‌ಗೆ ಹೋದರು, 1982ರಲ್ಲಿ ಒಂದು ಸುತ್ತಿನಲ್ಲಿ ಬರೀ 17 ಪಟ್‌ಗಳಲ್ಲಿ (ಬಾಲನ್ನು ಕುಳಿಯ ಕಡೆ ಉರುಳಿಸುವ ಹೊಡೆತ) ಆಟ ಮುಗಿಸಿ ದಾಖಲೆ ಮಾಡಿದರು. ಆಮೇಲೆ ಫ್ಲೋರಿಡಾದ ಒಂದು ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ಬಾಲ್ ತಂಡವನ್ನು ಮೊದಲಿನಿಂದ ಕಟ್ಟಿ, ಕೋಚ್ ಆಗಿ 1000 ಗೆಲುವು ದಾಟಿದರು. 2022ರಲ್ಲಿ ತೀರಿಕೊಂಡಾಗಲೂ ಕೋಚ್ ಆಗಿಯೇ ಇದ್ದರು. 81 ವರ್ಷ.

ಜಮಖಂಡಿ ಕಾಕಾ
ಅಬ್ಬಟ್ ಅನ್ನುವವರಿಗೆ 10 ಲಕ್ಷ ಡಾಲರ್ ಕೊಟ್ಟರು ಅಂತ ಎಲ್ಲೋ ಓದಿದ್ದೆ. ಹಾಗಿದ್ದರೆ ದುಡ್ಡು ಇದೆ ಅಂತ ಆಯಿತಲ್ಲ?

ತಿಳಕವಾಡಿ ಹುಡುಗ
ಕಾಕಾ, ಅದು 2016ರ ಒಪ್ಪಂದ, ಆರು ವರ್ಷದ್ದು. ಆದರೆ ಖಾಯಂ ಸಂಬಳ ವರ್ಷಕ್ಕೆ ಸುಮಾರು 20,000 ಡಾಲರ್ ಮಾತ್ರ. ಉಳಿದದ್ದು ಮೈದಾನಕ್ಕೆ ಎಷ್ಟು ಜನ ಬರುತ್ತಾರೆ ಅನ್ನುವುದರ ಮೇಲೆ. ಅಬ್ಬಟ್ ಕೂಡ ಜಪಾನಿಗೆ ಹೋಗಿ ಟೊಯೋಟಾ ತಂಡದಲ್ಲಿ ವರ್ಷಗಟ್ಟಲೆ ಆಡಿದರು. ಅಮೆರಿಕದ ಇನ್ನೊಬ್ಬ ಆಟಗಾರ್ತಿ ನಟಾಶಾ ವಾಟ್ಲಿ ಕೂಡ ಅಲ್ಲೇ ಆಡಿದವರು. ಅಮೆರಿಕದಲ್ಲಿ 2025ರಲ್ಲಿ ಹೊಸ ಲೀಗ್ ಶುರುವಾಗಿದೆ, ಬೇಸ್‌ಬಾಲಿನವರೂ ಅದಕ್ಕೆ ದುಡ್ಡು ಹಾಕಿದ್ದಾರೆ. ನೋಡೋಣ.

ಮುಧೋಳದವಳು
ಅಮೆರಿಕದ ಡಾಟ್ ರಿಚರ್ಡ್ಸನ್ ಬಗ್ಗೆ ಯಾರೂ ಹೇಳಲಿಲ್ಲ! ನನಗೆ ಎಲ್ಲರಿಗಿಂತ ಇಷ್ಟ ಅವರು. ಚಿಕ್ಕವರಿದ್ದಾಗ ಹುಡುಗರ ಬೇಸ್‌ಬಾಲ್ ತಂಡದ ಕೋಚ್ ಒಬ್ಬರು ಇವರ ಎಸೆತ ನೋಡಿ ತಂಡಕ್ಕೆ ಕರೆದರು. ಕೂದಲು ಕತ್ತರಿಸಿಕೋ, ನಿನ್ನನ್ನು ಬಾಬ್ ಅಂತ ಕರೆಯುತ್ತೇವೆ ಅಂದರು. ಇವರು ಬೇಡ ಅಂದರು. ನಾನು ಹುಡುಗಿ, ಹುಡುಗಿಯಾಗಿಯೇ ಆಡುತ್ತೇನೆ ಅಂತ.

1996ರ ಅಟ್ಲಾಂಟಾ ಒಲಿಂಪಿಕ್ಸ್, ಮೊದಲ ಸಲ ಸಾಫ್ಟ್‌ಬಾಲ್. ಒಲಿಂಪಿಕ್ಸ್‌ನ ಮೊದಲ ಹೋಮ್ ರನ್ (ಬಾಲ್ ಬೇಲಿ ದಾಟುವ ಹೊಡೆತ) ಹೊಡೆದದ್ದು ಇವರು. ಫೈನಲಿನಲ್ಲಿ ಚೀನಾ ಮೇಲೆ ಗೆಲುವಿನ ಹೋಮ್ ರನ್ ಹೊಡೆದದ್ದೂ ಇವರೇ. ಆಗ ಅವರು ಮೂಳೆ ಡಾಕ್ಟರ್ ಆಗಲು ಓದುತ್ತಿದ್ದರು. ಚಿನ್ನ ಗೆದ್ದ ಬೆನ್ನಲ್ಲೇ ಆಸ್ಪತ್ರೆ ಡ್ಯೂಟಿಗೆ ವಾಪಸ್. ಮತ್ತೆ 2000ದಲ್ಲಿ ಸಿಡ್ನಿಯಲ್ಲಿ ಇನ್ನೊಂದು ಚಿನ್ನ. ಓದು ಹಾಳಾಗುತ್ತದೆ ಅನ್ನುವವರಿಗೆ ಈ ಹೆಸರು ಹೇಳಿ ಅಕ್ಕಾ.

ವಿಜಯಪುರದ ತಾಯಿ
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮಗಳಿಗೆ ಓದಿ ಹೇಳುತ್ತಿದ್ದೇನೆ. ಕವಣೆ ಮಾತು ಕೇಳಿ ಎದ್ದು ನಿಂತು ಕೈ ತಿರುಗಿಸಿ ನೋಡಿದಳು. ಒಂದು ಪ್ರಶ್ನೆ ಕೇಳು ಅನ್ನುತ್ತಿದ್ದಾಳೆ. ಅವಳು ಗಿಡ್ಡ, 4 ಅಡಿ 11 ಇಂಚು. ಕ್ಯಾಂಪಿನಲ್ಲಿ ಒಬ್ಬರು "ಪಿಚರ್ ಎತ್ತರ ಇರಬೇಕು, ನಿನಗೆ ಇದು ಆಗಲ್ಲ" ಅಂದರಂತೆ. ಅದು ನಿಜವಾ?

ಹಳೇ ಕ್ಯಾಚರ್
ಪುಟ್ಟಾ, ಅಮೆರಿಕದ ಲೀಸಾ ಫರ್ನಾಂಡೆಜ್ ಅನ್ನುವ ಹೆಸರು ಬರೆದಿಟ್ಟುಕೋ. ಎಂಟನೇ ವಯಸ್ಸಿನಲ್ಲಿ ಮೊದಲ ಸಲ ಪಿಚ್ ಮಾಡಿದಾಗ ಅವರ ತಂಡ ಇಪ್ಪತ್ತಕ್ಕೂ ಜಾಸ್ತಿ ರನ್ನಿನಿಂದ ಸೋತಿತು. ಮನೆಯಲ್ಲಿ ಅವರ ಬಾಲ್ ಹಿಡಿಯುತ್ತಿದ್ದದ್ದು ಅಮ್ಮ. ಸ್ವಲ್ಪ ದೊಡ್ಡವಳಾದಾಗ ಒಬ್ಬ ಕೋಚ್ ಅವರ ತೋಳಿನ ಉದ್ದ ನೋಡಿ, ಈ ಮೈಕಟ್ಟಿಗೆ 16 ವರ್ಷದ ಮೇಲೆ ದೊಡ್ಡ ಮಟ್ಟದಲ್ಲಿ ಪಿಚ್ ಮಾಡಲು ಆಗುವುದಿಲ್ಲ ಅಂದರು. ಆ ಹುಡುಗಿ ಮುಂದೆ 1996, 2000, 2004 ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು. ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಮೇಲೆ ಒಂದೇ ಪಂದ್ಯದಲ್ಲಿ 25 ಸ್ಟ್ರೈಕ್‌ಔಟ್, ಅಂದರೆ ಬಾಲನ್ನು ಹೊಡೆಯಲು ಬಿಡದೆ ಪಿಚರ್ ಔಟ್ ಮಾಡುವುದು. ಬ್ಯಾಟಿಂಗಿನಲ್ಲೂ ಮುಂದೆ. ಅಥೆನ್ಸ್‌ನಲ್ಲಿ ಅವರ ತಂಡ 51 ರನ್ ಹೊಡೆದು ಬಿಟ್ಟುಕೊಟ್ಟದ್ದು ಒಂದೇ ಒಂದು ರನ್. ಈಗ ತಾವು ಓದಿದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲೇ ಕೋಚ್.

ಎತ್ತರ ಇದ್ದರೆ ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತನೇ ಕ್ಲಾಸಿನ ಹುಡುಗಿಗೆ ಆಗಲ್ಲ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ.

ಪಿಟಿ ಸರ್ ಬಾಗಲಕೋಟೆ
ಆ ಮಾತು ಹೇಳಿದವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಇನ್ನೊಂದು ಹೆಸರು ಅಮೆರಿಕದ ಮಿಶೆಲ್ ಸ್ಮಿತ್. ಎಡಗೈ ಪಿಚರ್. 1986ರಲ್ಲಿ ಅಪ್ಪನ ಗಾಡಿಯ ಬಾಗಿಲು ತೆರೆದುಕೊಂಡು ಹೊರಗೆ ಬಿದ್ದು, ಎಸೆಯುವ ಅದೇ ಎಡಗೈಯ ಮೊಣಕೈ ಮೂಳೆ ತುಂಡಾಗಿ ಸ್ನಾಯು ಹರಿಯಿತು. ವರ್ಷದೊಳಗೆ ಮೈದಾನಕ್ಕೆ ಬಂದರು. ಎರಡು ಒಲಿಂಪಿಕ್ಸ್ ಚಿನ್ನ, ಜಪಾನಿನಲ್ಲಿ 16 ಸೀಸನ್, ಆಮೇಲೆ ಟಿವಿಯಲ್ಲಿ ವೀಕ್ಷಕ ವಿವರಣೆ.

ಗೋಕಾಕ ಗೆಳೆಯ
ಬಾಲ್ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿಕೊಂಡೆ. ಆದರೂ ಒಂದು ಮಾತು ಹೇಳಲೇಬೇಕು. ವಿಜಯಪುರದವರೇ ಆದ ರಾಜೇಶ್ವರಿ ಗಾಯಕವಾಡ ನಮ್ಮ ಕಣ್ಣ ಮುಂದೆ ಇದ್ದಾರೆ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ 5 ವಿಕೆಟ್. ಫೈನಲ್ ಆಡಿದರು, ಡಬ್ಲ್ಯೂಪಿಎಲ್ ಆಡಿದರು. ಹುಡುಗಿಗೆ ಅಷ್ಟು ಒಳ್ಳೆಯ ಕೈ ಇದ್ದರೆ ಈಗಲೇ ಕ್ರಿಕೆಟ್‌ಗೆ ಹಾಕಬಾರದಾ? ದುಡ್ಡೂ ಇದೆ, ಹೆಸರೂ ಇದೆ.

ಮುಧೋಳದವಳು
ರಾಜೇಶ್ವರಿ ಅಕ್ಕ ನಮ್ಮೆಲ್ಲರ ಹೆಮ್ಮೆ. ಆದರೆ ಅವರು ಆಡಲು ಶುರು ಮಾಡಿದಾಗ ಹೆಂಗಸರ ಕ್ರಿಕೆಟ್‌ನಲ್ಲಿ ಈ ದುಡ್ಡು ಎಲ್ಲಿತ್ತು? ಡಬ್ಲ್ಯೂಪಿಎಲ್ ಬಂದದ್ದು 2023ರಲ್ಲಿ. ಆಗ ಅವರ ಮನೆಯವರಿಗೂ ಯಾರೋ ಇದೇ ಪ್ರಶ್ನೆ ಕೇಳಿರುತ್ತಾರೆ.

ಬೆಳಗಾವಿ ತಾಲೂಕಿನ ತುರಮುರಿಯ ಮಲಪ್ರಭಾ ಜಾಧವ ನೆನಪಿದ್ದಾರಾ? 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುಸ್ತಿ ತರಹದ ಕುರಾಶ್‌ನಲ್ಲಿ ಕಂಚು ಗೆದ್ದರು. ಅದಕ್ಕೆ ಮೊದಲು ಕುರಾಶ್ ಅಂದರೆ ಏನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಗೋಕಾಕ ಗೆಳೆಯ
ಅದು ನಿಜ. ನಾನೂ ಪದಕ ಬಂದ ದಿನವೇ ಆ ಹೆಸರು ಕೇಳಿದ್ದು.

ಜಮಖಂಡಿ ಕಾಕಾ
ಮತ್ತೆ ಅದೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮೊಮ್ಮಗಳೂ ಆಡುತ್ತಾಳೆ, ಅದಕ್ಕೇ ಕೇಳುವುದು. ನಮ್ಮ ಮೂರು ಜಿಲ್ಲೆಯಲ್ಲಿ ಈ ಆಟ ಆಡಿ ಕೆಲಸ ಸಿಕ್ಕವರು ಇದ್ದಾರಾ?

ಹಳೇ ಕ್ಯಾಚರ್
ಇದ್ದೇನೆ ಕಾಕಾ. ನಾನೇ.

ಖಾನಾಪುರ ತಾಲೂಕಿನ ಹಳ್ಳಿ. ಬೆಳಗಾವಿಯಲ್ಲಿ ಡಿಗ್ರಿ ಓದುವಾಗ ಬ್ಯಾಟು, ಗ್ಲೌಸು ಮೊದಲ ಸಲ ಮುಟ್ಟಿದ್ದು. ಓಡುವುದು ಜೋರಾಗಿತ್ತು, ಖೋ ಖೋ ಆಡಿದ ಕಾಲು. ಆದರೆ ಯಾರೂ ಕ್ಯಾಚರ್ (ಬ್ಯಾಟ್ ಹಿಡಿದವರ ಹಿಂದೆ ಕೂತು ಬಾಲ್ ಹಿಡಿಯುವವರು) ಆಗಲು ಒಪ್ಪದೇ ಇದ್ದದ್ದರಿಂದ ನನ್ನನ್ನು ಕೂರಿಸಿದರು. ಒಂದು ಕ್ಯಾಂಪಿನಲ್ಲಿ ಇದ್ದದ್ದು ಒಂದೇ ಮಾಸ್ಕ್, ಅದರ ತಂತಿ ಬಿಟ್ಟುಹೋಗಿತ್ತು. ಕೊಟ್ಟವರಿಗೆ ಹೇಳಿದೆವು, ಇದರಲ್ಲೇ ಆಡಿ ಅಂದರು. ಬಾಲ್ ನುಗ್ಗಿ ಮುಂದಿನ ಹಲ್ಲು ಅರ್ಧ ಮುರಿಯಿತು. ರಕ್ತ ಉಗುಳಿ ಮನೆಗೆ ಹೋದಾಗ ಅವ್ವ ಇನ್ನು ಸಾಕು ಅಂದಳು. ಅಪ್ಪ ಏನೂ ಹೇಳಲಿಲ್ಲ. ಮುಂದಿನ ಸಂತೆಯಲ್ಲಿ ಎರಡು ಕ್ವಿಂಟಲ್ ಭತ್ತ ಮಾರಿ ಬಂದು, ಹೊಸ ಮಾಸ್ಕಿಗೆ ಎಷ್ಟಾಗುತ್ತದೆ ಅಂತ ಕೇಳಿದರು. ಆ ಮಾಸ್ಕ್ ಇನ್ನೂ ನನ್ನ ಹತ್ತಿರ ಇದೆ.

ವಿಶ್ವವಿದ್ಯಾಲಯ ತಂಡಕ್ಕೆ ಆಡಿದೆ, ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಎರಡು ಸಲ ಹೋದೆ. ಬಿ.ಪಿ.ಎಡ್. ಮಾಡಿದೆ. ಈಗ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನಮ್ಮ ತಂಡದ ಫಸ್ಟ್ ಬೇಸ್ ಹುಡುಗಿ ಪೊಲೀಸ್ ಇಲಾಖೆಯಲ್ಲಿ ಇದ್ದಾಳೆ. ಎಲ್ಲರಿಗೂ ಸಿಕ್ಕಿಲ್ಲ, ಅದನ್ನೂ ಹೇಳುತ್ತೇನೆ. ನಮ್ಮ ಪಿಚರ್ ನನಗಿಂತ ನೂರು ಪಾಲು ಚೆನ್ನಾಗಿ ಆಡುತ್ತಿದ್ದಳು. ಎರಡನೇ ವರ್ಷದಲ್ಲಿ ಮದುವೆ ಮಾಡಿದರು. ತಟ್ಟನೆ ಕೆಳಗಿಳಿಯುವ ಅವಳ ಡ್ರಾಪ್ ಬಾಲ್ ಇವತ್ತಿಗೂ ನನ್ನ ಅಂಗೈಗೆ ನೆನಪಿದೆ.

ಪಿಟಿ ಸರ್ ಬಾಗಲಕೋಟೆ
ಕಾಕಾ, ಇದಕ್ಕೆ ಸೇರಿಸುತ್ತೇನೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ. ರಾಜ್ಯದ ಪರ ರಾಷ್ಟ್ರೀಯ ಪಂದ್ಯ ಆಡಿದವರು, ವಿಶ್ವವಿದ್ಯಾಲಯದ ಪರ ಆಡಿದವರು, ರಾಷ್ಟ್ರೀಯ ಶಾಲಾ ಕ್ರೀಡೆಗೆ ರಾಜ್ಯ ತಂಡದಲ್ಲಿ ಹೋದವರು ಅರ್ಜಿ ಹಾಕಬಹುದು. ಸಿಇಟಿಯಲ್ಲೂ ಕ್ರೀಡಾ ಕೋಟಾ ಇದೆ. ಆದರೆ ಎಲ್ಲಕ್ಕೂ ಸರ್ಟಿಫಿಕೇಟ್ ಬೇಕು. ತಾಯಿ, ತಾಲೂಕು ಮಟ್ಟದಿಂದ ಒಂದೊಂದನ್ನೂ ಪ್ಲಾಸ್ಟಿಕ್ ಫೈಲಿಗೆ ಹಾಕಿಡಿ. ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ಸೀಲು, ಸಹಿ, ತಾರೀಖು ಇಲ್ಲದ ಕಾಗದ ತೆಗೆದುಕೊಳ್ಳಬೇಡಿ. ನಮ್ಮ ಒಬ್ಬ ಹುಡುಗಿಗೆ ಇನಿಶಿಯಲ್ ತಪ್ಪಾಗಿ ಆರು ತಿಂಗಳು ಅಲೆದಾಡಿದೆವು.

ಜಮಖಂಡಿ ಕಾಕಾ
ಇದು ಬೇಕಿತ್ತು. ಬರೆದುಕೊಂಡೆ. ಉಪಕಾರ ಆಯಿತು.

ತಿಳಕವಾಡಿ ಹುಡುಗ
2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಮತ್ತೆ ಇದೆ. ಪಂದ್ಯ ನಡೆಯುವುದು ಮಾತ್ರ ಲಾಸ್ ಏಂಜಲೀಸ್‌ನಲ್ಲಿ ಅಲ್ಲ, ಒಕ್ಲಹೋಮಾ ಸಿಟಿಯಲ್ಲಿ. ಎಲ್ಲರೂ ಸೇರಿ ನೋಡೋಣ.

ಇಂಡಿ ಅಕ್ಕ
ಹುಡುಗಿ ಬೆಳಗಾವಿಗೆ ಹೋಗುವಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ. ಹೊರಗಿನ ಊಟ ತಿಂದು ಹೊಟ್ಟೆ ಕೆಟ್ಟರೆ ಆಡಲು ಆಗುವುದಿಲ್ಲ.

ವಿಜಯಪುರದ ತಾಯಿ
ಕಟ್ಟುತ್ತೇನೆ ಅಕ್ಕಾ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗಳೇ ಶುರು ಮಾಡಿದಳು. ಉಎನೊ, ಫರ್ನಾಂಡೆಜ್, ರಿಚರ್ಡ್ಸನ್, ಜಾಯ್ಸ್, ಒಬ್ಬೊಬ್ಬರನ್ನೇ ಹೇಳಿದಳು. ಖಾನಾಪುರದ ಅಕ್ಕನ ಮಾಸ್ಕಿನ ವಿಷಯವನ್ನೂ ಹೇಳಿದಳು. ಭಾವನವರು ಪೂರ್ತಿ ಕೇಳಿಸಿಕೊಂಡರು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಆ ತೂತು ಬಿದ್ದ ಶೂ ಇರಲಿಲ್ಲ. ಅವರೇ ಗಾಂಧಿ ಚೌಕಕ್ಕೆ ತೆಗೆದುಕೊಂಡು ಹೋಗಿ ತುದಿಗೆ ಟೈರ್ ಹೊಲಿಸಿಕೊಂಡು ಬಂದರು. ಎರಡು ಸಾಲು ಹೊಲಿಗೆ, ದಪ್ಪ ದಾರ.

ಹಳೇ ಕ್ಯಾಚರ್
ಓದಿ ಕಣ್ಣು ತುಂಬಿ ಬಂತು. ವಿಭಾಗ ಮಟ್ಟದ ಪಂದ್ಯಕ್ಕೆ ನಾನೂ ನಮ್ಮ ಶಾಲೆ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೇನೆ. ಹಿಂದಿನ ದಿನ ಸಂಜೆ ಮೈದಾನದಲ್ಲಿ ಇರುತ್ತೇನೆ. ಅವಳ ಬಾಲ್ ನಾನು ಹಿಡಿಯುತ್ತೇನೆ. ಒಂದು ಹಳೇ ಗ್ಲೌಸ್ ಇದೆ, ಚೆನ್ನಾಗಿ ಪಳಗಿದೆ, ತಂದುಕೊಡುತ್ತೇನೆ. ಅವಳು ಎಡಗೈಗೆ ಹಾಕುತ್ತಾಳೆ ತಾನೇ?

ವಿಜಯಪುರದ ತಾಯಿ
ಹೌದು ಅಕ್ಕಾ, ಎಡಗೈಗೆ.